ಒಂದು ಬೇಟೆ ಪರವಾನಗಿಯ ದುಡ್ಡು ಹೋಗುವ ದಾರಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನವೆಂಬರ್ ತಿಂಗಳ ಕೊನೆಯ ಶನಿವಾರ ಬಂದೂಕಿನ ಜಿಂಕೆ ಬೇಟೆ ಶುರುವಾಗುತ್ತದೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಊರೂರಿನ ಮಾಂಸದಂಗಡಿಗಳ ಹಿಂಭಾಗದಲ್ಲಿ, ಕೊಯ್ದು ಕೊಡಲೆಂದು ಬೇಟೆಗಾರರು ಬಿಟ್ಟುಹೋದ ಜಿಂಕೆಗಳು ಸಾಲಾಗಿ ಬಿದ್ದಿರುತ್ತವೆ. ಆ ಚಳಿಯಲ್ಲಿ ವನ್ಯಜೀವಿ ಇಲಾಖೆಯ ನೌಕರರು ಅಲ್ಲಿಗೆ ಬರುತ್ತಾರೆ. ಒಬ್ಬರು ಮಂಡಿಯೂರಿ ಕುಳಿತು ಸತ್ತ ಜಿಂಕೆಯ ದವಡೆಯನ್ನು ಒಂದು ಸಲಕರಣೆಯಿಂದ ಅಗಲಿಸಿ, ಟಾರ್ಚ್ ಬೆಳಕಿನಲ್ಲಿ ಹಲ್ಲು ನೋಡುತ್ತಾರೆ. ವಯಸ್ಸು, ಹೆಣ್ಣೋ ಗಂಡೋ, ಕಿವಿಗೆ ಕಟ್ಟಿದ ಚೀಟಿಯ ವಿವರ, ಎಲ್ಲವೂ ದಾಖಲಾಗುತ್ತದೆ. ಮುಂದಿನ ಜಿಂಕೆ. ಮತ್ತೆ ದವಡೆ, ಮತ್ತೆ ಟಾರ್ಚು.

ನಮ್ಮ ದನಗಳ ಜಾತ್ರೆಗಳಲ್ಲಿ ಹೋರಿಯ ತುಟಿ ಎತ್ತಿ ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ವಯಸ್ಸು ಹೇಳುವವರನ್ನು ನೋಡಿದವರಿಗೆ ಈ ವಿದ್ಯೆ ಹೊಸದಲ್ಲ. ಜಿಂಕೆಯ ಒಂದು ಬದಿಯ ಕೆಳದವಡೆಯಲ್ಲಿ ಅರೆಯುವ ಹಲ್ಲುಗಳು ಆರಕ್ಕಿಂತ ಕಡಿಮೆ ಇದ್ದರೆ ಅದು ಆ ವರ್ಷ ಹುಟ್ಟಿದ ಮರಿ. ಆರೂ ಇದ್ದು, ಮುಂದಿನಿಂದ ಮೂರನೆಯ ಹಲ್ಲಿಗೆ ಮೂರು ಮೊನೆಗಳಿದ್ದರೆ ಅದು ಇನ್ನೂ ಹಾಲುಹಲ್ಲು, ಜಿಂಕೆಗೆ ಸುಮಾರು ಒಂದೂವರೆ ವರ್ಷ. ಆ ಹಾಲುಹಲ್ಲು ಬಿದ್ದು ಎರಡು ಮೊನೆಯ ಹಲ್ಲು ಬಂದು, ಅದೂ ಸವೆದಿದ್ದರೆ ಜಿಂಕೆ ಬಲಿತದ್ದು.

ಹೀಗೆ ಚಳಿಯಲ್ಲಿ ಕುಳಿತು ಹಲ್ಲೆಣಿಸುವವರಿಗೆ ಸಂಬಳ ಕೊಡುವವರು ಯಾರು? ಬಹುಮಟ್ಟಿಗೆ ಆ ಜಿಂಕೆಯನ್ನು ಹೊಡೆದವರೇ. ಬೇಟೆಯನ್ನು ಅಪರಾಧವೆಂದೇ ತಿಳಿದು ಬೆಳೆದ ನಮಗೆ ಇದು ತಟ್ಟನೆ ಒಪ್ಪಿಗೆಯಾಗುವ ಮಾತಲ್ಲ. ನನಗೂ ಆಗಿರಲಿಲ್ಲ. ಕೊಲ್ಲುವ ಅನುಮತಿಗೆ ಕೊಟ್ಟ ಹಣದಿಂದ ಕಾಡನ್ನು ಕಾಯುವುದು ಹೇಗೆ ಎಂದು ಬಿಡಿಸಿ ನೋಡುತ್ತಾ ಹೋದಾಗ, ಇದರ ಗುಟ್ಟು ಬಂದೂಕಿನಲ್ಲಿಲ್ಲ, ಹಣಕ್ಕೆ ಹಾಕಿರುವ ಒಂದು ಬೀಗದಲ್ಲಿದೆ ಎಂದು ತಿಳಿಯಿತು.

ಮೊದಲು ಪರವಾನಗಿಯನ್ನೇ ನೋಡೋಣ. ಪೆನ್ಸಿಲ್ವೇನಿಯಾದ ವಯಸ್ಕ ನಿವಾಸಿಯೊಬ್ಬರು ಸಾಮಾನ್ಯ ಬೇಟೆ ಪರವಾನಗಿಗೆ ಕೊಡುವುದು 20.97 ಡಾಲರ್. ಇದರಲ್ಲಿ 1.97 ಡಾಲರ್ ಪರವಾನಗಿ ಮಾರಿದ ಅಂಗಡಿಗೂ ಕಂಪ್ಯೂಟರ್ ವ್ಯವಸ್ಥೆಗೂ ಹೋಗುತ್ತದೆ. ಉಳಿದ 19 ಡಾಲರ್ ರಾಜ್ಯದ ಖಜಾನೆಯ ಸಾಮಾನ್ಯ ಲೆಕ್ಕಕ್ಕೆ ಸೇರುವುದಿಲ್ಲ. ‘ಗೇಮ್ ಫಂಡ್’ (ಇಲ್ಲಿ ಗೇಮ್ ಎಂದರೆ ಬೇಟೆಯ ಪ್ರಾಣಿ) ಎಂಬ ಪ್ರತ್ಯೇಕ ನಿಧಿಗೆ ಬೀಳುತ್ತದೆ. ಈ ನಿಧಿಯನ್ನು ಖರ್ಚು ಮಾಡುವುದು ಪೆನ್ಸಿಲ್ವೇನಿಯಾ ಗೇಮ್ ಕಮಿಷನ್, ಅಂದರೆ ಮೇಲೆ ಹೇಳಿದ ವನ್ಯಜೀವಿ ಇಲಾಖೆ. ಇದು 1895ರಲ್ಲಿ ಹುಟ್ಟಿದ ಸಂಸ್ಥೆ, ರಾಜ್ಯದ ಎಲ್ಲ ಕಾಡುಹಕ್ಕಿಗಳಿಗೂ ಸಸ್ತನಿಗಳಿಗೂ ಹೊಣೆ. ಮೀನು, ಹಾವು, ಕಪ್ಪೆಗಳಿಗೆ ಬೇರೆಯದೇ ಆಯೋಗವಿದೆ. ರಾಜ್ಯದ ಸಾಮಾನ್ಯ ತೆರಿಗೆಯ ಹಣ ಗೇಮ್ ಕಮಿಷನ್‌ಗೆ ಬರುವುದಿಲ್ಲ. ವಾರ್ಡನ್‌ಗಳ ಸಂಬಳ, ಜೀಪಿನ ಪೆಟ್ರೋಲು, ಸಸಿಮಡಿಯ ಗೊಬ್ಬರ ಎಲ್ಲವೂ ತಾನೇ ಗಳಿಸಿದ ಹಣದಿಂದ ಆಗಬೇಕು. ಆ 19 ಡಾಲರ್‌ನಲ್ಲಿ ಕನಿಷ್ಠ 4.25 ಡಾಲರ್ ಪ್ರಾಣಿಗಳ ನೆಲೆಯನ್ನು ಸುಧಾರಿಸುವುದಕ್ಕೇ ಖರ್ಚಾಗಬೇಕೆಂದು ರಾಜ್ಯದ ಕಾಯ್ದೆ ಹೇಳುತ್ತದೆ.

ಬೇಟೆಗಾರರೇ ಇಂಥ ವ್ಯವಸ್ಥೆಗೆ ಒಪ್ಪಿದ್ದೇಕೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಬೇಟೆಯಾಡಲು ಹೆಚ್ಚೇನೂ ಉಳಿದಿರಲಿಲ್ಲ. ಕೋಟಿಗಟ್ಟಲೆ ಇದ್ದ, ಕಾಡುಕೋಣದಂಥ ಬೈಸನ್‌ಗಳು ಸಾವಿರದ ಒಳಗೆ ಇಳಿದಿದ್ದವು. ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ, ಮಾರ್ಥಾ ಎಂಬುದು ಅದರ ಹೆಸರು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇವನ್ನು ಮುಗಿಸಿದ್ದು ಮುಖ್ಯವಾಗಿ ಮಾರುಕಟ್ಟೆಗಾಗಿ ನಡೆದ ಬೇಟೆ: ಮಾಂಸ, ಚರ್ಮ ಮತ್ತು ಗರಿಗಳ ವ್ಯಾಪಾರ. ಪೆನ್ಸಿಲ್ವೇನಿಯಾದಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆ ಪೂರ್ತಿ ಅಳಿದಿತ್ತು, ಸಾಮಾನ್ಯ ಜಿಂಕೆ ಕಾಣಸಿಗುವುದೇ ಅಪರೂಪವಾಗಿತ್ತು. ಈ ಬರಿದಾದ ಕಾಡಿನ ಮುಂದೆ ನಿಂತು ರಾಜ್ಯವು 1913ರಲ್ಲಿ ನಿವಾಸಿಗಳಿಗೆ ಒಂದು ಡಾಲರ್‌ನ ಬೇಟೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಅದೇ ವರ್ಷ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ರೈಲಿನಲ್ಲಿ ಎಲ್ಕ್‌ಗಳು ಬಂದಿಳಿದವು. 1919ರಲ್ಲಿ ಭೂಮಿ ಕೊಳ್ಳಲು ಕಾಯ್ದೆಯಾಗಿ, ಮರುವರ್ಷ ಎಲ್ಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮೊದಲ ‘ಗೇಮ್ ಲ್ಯಾಂಡ್’, ಅಂದರೆ ಪ್ರಾಣಿಗಳಿಗೆಂದು ಮೀಸಲಿಟ್ಟ ನೆಲ, ಖರೀದಿಯಾಯಿತು.

ಒಂದು ಡಾಲರ್ ಸಂಗ್ರಹಿಸುವುದು ಸುಲಭ. ಅದನ್ನು ಕಾಪಾಡಿಕೊಳ್ಳುವುದು ಕಷ್ಟ. ಅಮೆರಿಕದ ರಾಜ್ಯಗಳ ಶಾಸಕರೂ ಎಲ್ಲ ಶಾಸಕರಂತೆಯೇ. ಒಂದು ಕಡೆ ದುಡ್ಡು ಕೂಡಿದರೆ ಅದರ ಮೇಲೆ ರಸ್ತೆಗೆ, ಸೇತುವೆಗೆ, ಸಂಬಳಕ್ಕೆ ಕಣ್ಣು ಬೀಳುತ್ತದೆ. ಸಾಮಾನ್ಯ ಖಜಾನೆಗೆ ಬಿದ್ದ ಇಂಥ ಶುಲ್ಕ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಕರಗಿಹೋಗುತ್ತದೆ. ಇದನ್ನು ತಡೆದದ್ದು 1937ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ. ನೆವಾಡದ ಸೆನೆಟರ್ ಕೀ ಪಿಟ್‌ಮನ್, ವರ್ಜೀನಿಯಾದ ಪ್ರತಿನಿಧಿ ವಿಲ್ಲಿಸ್ ರಾಬರ್ಟ್‌ಸನ್ ಇಬ್ಬರ ಹೆಸರಿನಲ್ಲಿ ಅದು ಪ್ರಸಿದ್ಧ. ಮಸೂದೆಯಲ್ಲಿ ರಾಬರ್ಟ್‌ಸನ್ ಸೇರಿಸಿದ್ದು ಇಂಗ್ಲಿಷಿನ ಬರೀ 29 ಪದಗಳು. ಅವುಗಳ ಸಾರ ಇಷ್ಟೇ: ಬೇಟೆಗಾರರು ಕೊಟ್ಟ ಪರವಾನಗಿ ಶುಲ್ಕವನ್ನು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಆಡಳಿತಕ್ಕಲ್ಲದೆ ಬೇರೆ ಯಾವುದಕ್ಕೂ ತಿರುಗಿಸುವಂತಿಲ್ಲ ಎಂದು ಪ್ರತಿ ರಾಜ್ಯವೂ ತನ್ನದೇ ಕಾಯ್ದೆ ಮಾಡಿಕೊಳ್ಳಬೇಕು. ಮಾಡಿಕೊಳ್ಳದ ರಾಜ್ಯಕ್ಕೆ ಕೇಂದ್ರದ ಹಣವಿಲ್ಲ.

ಈ ಕೇಂದ್ರದ ಹಣ ಸಣ್ಣದೇನಲ್ಲ. ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ತಯಾರಕರು ಕಟ್ಟುವ ಶೇ 11ರಷ್ಟು ಅಬಕಾರಿ ತೆರಿಗೆ ಇದರ ಮೂಲ. 1970ರ ದಶಕದ ಆರಂಭದಲ್ಲಿ ಪಿಸ್ತೂಲುಗಳ ಮೇಲಿನ ಶೇ 10ರ ತೆರಿಗೆಯೂ ಬಿಲ್ಲುಬಾಣಗಳ ಮೇಲಿನ ತೆರಿಗೆಯೂ ಸೇರಿದವು. ಇತ್ತೀಚಿನ ವರ್ಷಗಳಲ್ಲಿ ಇದರಿಂದ ರಾಜ್ಯಗಳಿಗೆ ಹಂಚಿಕೆಯಾಗುತ್ತಿರುವುದು ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರ್. ವನ್ಯಜೀವಿಗಳಿಗೆಂದು ಮೀಸಲಾದ ಪಾಲಿನಲ್ಲಿ ಅರ್ಧವನ್ನು ರಾಜ್ಯದ ವಿಸ್ತೀರ್ಣ ನೋಡಿ ಹಂಚುತ್ತಾರೆ, ಇನ್ನರ್ಧವನ್ನು ಅಲ್ಲಿ ಎಷ್ಟು ಜನ ಹಣ ಕೊಟ್ಟು ಪರವಾನಗಿ ಪಡೆದಿದ್ದಾರೆಂದು ಎಣಿಸಿ ಹಂಚುತ್ತಾರೆ. ಯಾವ ರಾಜ್ಯಕ್ಕೂ ಶೇ 5ಕ್ಕಿಂತ ಹೆಚ್ಚಿಲ್ಲ, ಅರ್ಧ ಶೇಕಡಕ್ಕಿಂತ ಕಡಿಮೆಯೂ ಇಲ್ಲ. ಪಿಸ್ತೂಲು ಮತ್ತು ಬಿಲ್ಲಿನ ತೆರಿಗೆಯ ಅರ್ಧಭಾಗ ಬೇಟೆಗಾರರ ಸುರಕ್ಷತಾ ತರಬೇತಿಗೆ ಮೀಸಲು.

ಒಪ್ಪಿಗೆಯಾದ ಕೆಲಸವನ್ನು ರಾಜ್ಯ ಮೊದಲು ತನ್ನ ಕೈಯಿಂದ ಮಾಡಿ ಮುಗಿಸಬೇಕು. ಅನಂತರ ಖರ್ಚಿನ ನಾಲ್ಕರಲ್ಲಿ ಮೂರು ಪಾಲನ್ನು ಕೇಂದ್ರ ಹಿಂದಿರುಗಿಸುತ್ತದೆ. ಒಂದು ಜೌಗು ನೆಲವನ್ನು ಸರಿಪಡಿಸಲು 4 ಲಕ್ಷ ಡಾಲರ್ ಬೇಕೆಂದುಕೊಳ್ಳಿ. ಪರವಾನಗಿ ನಿಧಿಯಿಂದ ಕೊನೆಗೆ ಹೋಗುವುದು 1 ಲಕ್ಷ, ಬಂದೂಕಿನ ತೆರಿಗೆಯಿಂದ ಬರುವುದು 3 ಲಕ್ಷ. ಅಂದರೆ ಬೇಟೆಗಾರ ಕೊಟ್ಟ ಒಂದು ಡಾಲರ್ ನಾಲ್ಕು ಡಾಲರ್‌ನ ಕೆಲಸ ಮಾಡಿಸಬಲ್ಲದು. ಈಗ ಯಾವುದೋ ರಾಜ್ಯದ ಶಾಸಕರಿಗೆ ಆ ಒಂದು ಡಾಲರನ್ನು ರಸ್ತೆಗೆ ಹಾಕುವ ಮನಸ್ಸಾಯಿತೆನ್ನಿ. ಹಾಕಿದರೆ ಕೇಂದ್ರದ ಮೂರು ಡಾಲರ್ ನಿಲ್ಲುತ್ತದೆ. ಒಂದನ್ನು ತೆಗೆದುಕೊಳ್ಳಲು ಹೋಗಿ ಮೂರನ್ನು ಕಳೆದುಕೊಳ್ಳಲು ಯಾವ ಶಾಸಕರೂ ಬಯಸುವುದಿಲ್ಲ. ನಾನು ಹೇಳಿದ ಬೀಗ ಇದೇ. ಹಣ ಬೇರೆಡೆ ಸೋರಿದೆಯೇ ಎಂದು ವನ್ಯಜೀವಿಗಳನ್ನು ನೋಡಿಕೊಳ್ಳುವ ಕೇಂದ್ರದ ‘ಇಂಟೀರಿಯರ್’ ಇಲಾಖೆಯ ಲೆಕ್ಕಪರಿಶೋಧಕರು ಬಂದು ತಪಾಸಣೆ ಮಾಡುತ್ತಾರೆ. ವನ್ಯಜೀವಿ ಆಡಳಿತದ ಬಗ್ಗೆ ನಾನು ಓದಿದ ನಿಯಮಗಳಲ್ಲೆಲ್ಲ ಇಷ್ಟು ಚಿಕ್ಕದಾಗಿದ್ದೂ ಇಷ್ಟು ಗಟ್ಟಿಯಾಗಿರುವುದು ಇನ್ನೊಂದಿಲ್ಲ.

ನಮ್ಮಲ್ಲೂ ಒಂದು ಕಾಲಕ್ಕೆ ಬೇಟೆಯ ಪರವಾನಗಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲ ರೂಪದಲ್ಲೇ ಸಣ್ಣ ಬೇಟೆ, ದೊಡ್ಡ ಬೇಟೆಗಳಿಗೆ ಬೇರೆ ಬೇರೆ ಪರವಾನಗಿಗಳ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ನಮ್ಮ ಜನಸಾಂದ್ರತೆಯಲ್ಲಿ, ನಮ್ಮ ಹರಿದು ಹಂಚಿಹೋದ ಕಾಡುಗಳಲ್ಲಿ ಅದು ಸರಿಯಾದ ನಿರ್ಧಾರ ಎಂದೇ ನನ್ನ ನಂಬಿಕೆ. ಆದರೆ ಹಣಕ್ಕೆ ಬೀಗ ಹಾಕುವ ಯೋಚನೆ ನಮಗೆ ಹೊರಗಿನದಲ್ಲ. ಮೈಸೂರು ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ ಇಂದು ಬೇಟೆಗಾರರ ಜಾಗದಲ್ಲಿ ಸಫಾರಿಗೆ ಬರುವವರಿದ್ದಾರೆ. ಹುಲಿ ಮೀಸಲು ಪ್ರದೇಶಗಳಿಗೆ ಪ್ರವಾಸಿಗರಿಂದ ಬರುವ ಆದಾಯ ಅಲ್ಲಿಯ ಕೆಲಸಕ್ಕೇ ಬಳಕೆಯಾಗಲಿ ಎಂದು 2006ರ ತಿದ್ದುಪಡಿಯು ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿಗೆ ದಾರಿ ಮಾಡಿಕೊಟ್ಟಿತು.

ಪೆನ್ಸಿಲ್ವೇನಿಯಾಕ್ಕೆ ಮರಳೋಣ. ಕೂಡಿಟ್ಟ ಹಣದ ಅತಿ ದೊಡ್ಡ ಫಲ ಕಣ್ಣಿಗೆ ಕಾಣುವುದು ನೆಲದಲ್ಲಿ. ಗೇಮ್ ಲ್ಯಾಂಡ್‌ಗಳ ಒಟ್ಟು ವಿಸ್ತೀರ್ಣ ಇಂದು ಸುಮಾರು 15 ಲಕ್ಷ ಎಕರೆ, ನಮ್ಮ ಕೊಡಗು ಜಿಲ್ಲೆಯ ಹತ್ತಿರಹತ್ತಿರ ಒಂದೂವರೆ ಪಟ್ಟು. ಕೊಂಡ ನೆಲವನ್ನು ಬೇಲಿ ಹಾಕಿ ಸುಮ್ಮನೆ ಬಿಡುವುದಿಲ್ಲ. ಎಳೆಯ ಪೊದೆಗಾಡು ಬೇಕಾದ ಹಕ್ಕಿಗಳಿಗಾಗಿ ಒಂದು ಕಡೆ ಮರ ಕಡಿಯುತ್ತಾರೆ, ಇನ್ನೊಂದು ಕಡೆ ಹವಾಮಾನ ನೋಡಿ ಅಳತೆಯ ಬೆಂಕಿ ಹಾಕಿ ತರಗು ಸುಡುತ್ತಾರೆ. ಸುಟ್ಟ ನೆಲದಲ್ಲಿ ಓಕ್ ಸಸಿಗಳು ಚಿಗುರುತ್ತವೆ. ಓಕ್ ಕಾಯಿ ಕರಡಿಗೂ ಜಿಂಕೆಗೂ ಕಾಡು ಟರ್ಕಿಗೂ ಚಳಿಗಾಲದ ಬುತ್ತಿ. ಹವರ್ಡ್ ಎಂಬಲ್ಲಿರುವ ಇಲಾಖೆಯ ಸಸ್ಯಪಾಲನಾ ಕೇಂದ್ರ ಈ ನೆಲಗಳಿಗೆ ಸಸಿ ಬೆಳೆಸುತ್ತದೆ, ಶಾಲೆಯ ಮಕ್ಕಳಿಗೂ ಕೊಡುತ್ತದೆ.

ಬೇಟೆಯ ಪ್ರಾಣಿಗಳಿಗಷ್ಟೇ ಈ ಖರ್ಚು ಎಂದುಕೊಳ್ಳಬೇಡಿ. 1980ರ ದಶಕದ ಆರಂಭದಲ್ಲಿ ಇಡೀ ರಾಜ್ಯದಲ್ಲಿ ಬಿಳಿತಲೆಯ ಹದ್ದಿನ ಗೂಡುಗಳು ಉಳಿದಿದ್ದುದು ಮೂರು. ಗೇಮ್ ಕಮಿಷನ್ 1983ರಿಂದ ಕೆನಡಾದ ಸಸ್ಕ್ಯಾಚೆವಾನ್‌ನಿಂದ ಮರಿಗಳನ್ನು ತಂದು ಸಾಕಿ ಹಾರಿಬಿಟ್ಟಿತು. ಈಗ ಗೂಡುಗಳು ಮುನ್ನೂರನ್ನು ದಾಟಿವೆ. ಈ ಹದ್ದನ್ನು ಯಾರೂ ಹೊಡೆಯುವಂತಿಲ್ಲ, ಅದರಿಂದ ಇಲಾಖೆಗೆ ಒಂದು ಪೈಸೆ ಆದಾಯವೂ ಇಲ್ಲ. ಬಾವಲಿಗಳ ಕಥೆ ಇನ್ನೂ ಕಠಿಣ. 2008ರ ಚಳಿಗಾಲದ ಹೊತ್ತಿಗೆ ‘ಬಿಳಿಮೂಗು’ ಎಂಬ ಶಿಲೀಂಧ್ರ ರೋಗ ಅಲ್ಲಿಯ ಗುಹೆಗಳನ್ನು ಹೊಕ್ಕು, ಚಳಿಗಾಲದಲ್ಲಿ ನಿದ್ರಿಸುವ ಬಾವಲಿಗಳನ್ನು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕೊಂದಿತು. ಗುಹೆಯೊಳಗೆ ತೆವಳಿ ಹೋಗಿ ಉಳಿದ ಬಾವಲಿಗಳನ್ನು ಎಣಿಸುವವರೂ ಇದೇ ಇಲಾಖೆಯವರು.

ಎಲ್ಲ ಖರ್ಚೂ ಮೆಚ್ಚುವಂಥದ್ದಲ್ಲ. ರಾಜ್ಯದ ಸಾಕಣೆ ಕೇಂದ್ರಗಳಲ್ಲಿ ಫೆಸೆಂಟ್ ಎಂಬ ಕೋಳಿಯಂಥ ಹಕ್ಕಿಯನ್ನು ಲಕ್ಷಗಟ್ಟಲೆ ಬೆಳೆಸಿ, ಬೇಟೆಯ ಕಾಲಕ್ಕೆ ಬಯಲಿಗೆ ಬಿಡುವುದು ಅಲ್ಲಿಯ ಹಳೆಯ ರೂಢಿ. ಅದು ಏಷ್ಯಾದ ಮೂಲದ ಹಕ್ಕಿ. ಬಿಟ್ಟವುಗಳಲ್ಲಿ ಚಳಿಗಾಲ ದಾಟಿ ಬದುಕುವುವು ತೀರಾ ಕಡಿಮೆ. ಇದನ್ನು ವನ್ಯಜೀವಿ ನಿರ್ವಹಣೆ ಎನ್ನಲು ನನಗೆ ಮನಸ್ಸಿಲ್ಲ. ಹಣದ ಮುಗ್ಗಟ್ಟು ಬಂದಾಗ 2017ರಲ್ಲಿ ಇಲಾಖೆಯೇ ನಾಲ್ಕು ಸಾಕಣೆ ಕೇಂದ್ರಗಳಲ್ಲಿ ಎರಡನ್ನು ಮುಚ್ಚಿ, ಫೆಸೆಂಟ್ ಬೇಟೆಗೆ ಬೇರೆಯೇ ಶುಲ್ಕ ವಿಧಿಸಿತು. ಆ ಆಟ ಬೇಕಾದವರೇ ಅದರ ಖರ್ಚನ್ನೂ ಹೊರಲಿ ಎಂಬ ಈ ಬದಲಾವಣೆ ನ್ಯಾಯವಾದದ್ದು.

ಇನ್ನು ಮಾಂಸದಂಗಡಿಯ ಹಲ್ಲಿನ ಲೆಕ್ಕ. ಜಿಂಕೆ ಹೊಡೆದವರು ಹತ್ತು ದಿನದೊಳಗೆ ವರದಿ ಮಾಡಬೇಕೆಂಬ ನಿಯಮವಿದೆ, ಆದರೆ ಬಹಳ ಜನ ಮಾಡುವುದಿಲ್ಲ. ಬಂದ ವರದಿಗಳನ್ನಷ್ಟೇ ನಂಬಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಅಂಗಡಿಯಲ್ಲಿ ದಾಖಲಾದ ಚೀಟಿಗಳು ಕೆಲಸಕ್ಕೆ ಬರುವುದು ಇಲ್ಲೇ. ಉದಾಹರಣೆಗೆ, ನೌಕರರು 1,000 ಜಿಂಕೆಗಳ ಚೀಟಿ ದಾಖಲಿಸಿದ್ದಾರೆನ್ನಿ. ಅನಂತರ ವರದಿಗಳ ರಾಶಿಯಲ್ಲಿ ಹುಡುಕಿದಾಗ ಅವುಗಳಲ್ಲಿ 300 ಮಾತ್ರ ಸಿಕ್ಕಿದವು. ಅಂದರೆ ಹತ್ತರಲ್ಲಿ ಮೂವರು ವರದಿ ಮಾಡುತ್ತಾರೆ. ಒಟ್ಟು 90,000 ವರದಿಗಳು ಬಂದಿದ್ದರೆ, ನಿಜವಾಗಿ ಬಿದ್ದ ಜಿಂಕೆಗಳು ಸುಮಾರು 3 ಲಕ್ಷ. ವಯಸ್ಸು ಮತ್ತು ಲಿಂಗಗಳ ಪ್ರಮಾಣವನ್ನು ಇದಕ್ಕೆ ಸೇರಿಸಿದರೆ, ಯಾವ ವಲಯದಲ್ಲಿ ಜಿಂಕೆಗಳು ಹೆಚ್ಚುತ್ತಿವೆ, ಎಲ್ಲಿ ಇಳಿಯುತ್ತಿವೆ ಎಂದು ಹೇಳಬಹುದು. 2012ರಲ್ಲಿ ಈ ರಾಜ್ಯಕ್ಕೂ ಕಾಲಿಟ್ಟ, ಜಿಂಕೆಗಳ ಮೆದುಳನ್ನು ಕೊರೆದು ಸೊರಗಿಸಿ ಕೊಲ್ಲುವ ಕಾಯಿಲೆಯ ಜಾಡನ್ನೂ ಬೇಟೆಗಾರರ ಸಹಾಯದಿಂದಲೇ ಹಿಡಿಯುತ್ತಾರೆ. ಕಾಯಿಲೆ ಕಂಡ ಪ್ರದೇಶಗಳಲ್ಲಿ ಇಲಾಖೆಯ ಪೆಟ್ಟಿಗೆಗಳಿರುತ್ತವೆ. ಹೊಡೆದ ಜಿಂಕೆಯ ತಲೆಯನ್ನು ಚೀಲದಲ್ಲಿ ಕಟ್ಟಿ ಅದರೊಳಗೆ ಹಾಕಿದರೆ ಪರೀಕ್ಷೆ ಉಚಿತ.

ಬಾತುಕೋಳಿಗಳ ವಿಷಯ ಚಿಕ್ಕದಾಗಿಯಾದರೂ ಹೇಳಲೇಬೇಕು, ಏಕೆಂದರೆ ಅಮೆರಿಕದಲ್ಲಿ ಹಕ್ಕಿ ನೋಡುವ ಹವ್ಯಾಸದ ಕನ್ನಡಿಗರು ಬಂದೂಕು ಮುಟ್ಟದೆಯೇ ಈ ಸರಪಳಿಯಲ್ಲಿ ಸೇರಬಹುದಾದ ಜಾಗ ಅದು. ವಲಸೆ ಹಕ್ಕಿಗಳು ರಾಜ್ಯಗಳ ಗಡಿ ನೋಡುವುದಿಲ್ಲವಾದ್ದರಿಂದ, 16 ವರ್ಷ ತುಂಬಿದ ಪ್ರತಿಯೊಬ್ಬ ಬಾತುಕೋಳಿ ಬೇಟೆಗಾರನೂ ರಾಜ್ಯದ ಪರವಾನಗಿಯ ಜೊತೆಗೆ ಕೇಂದ್ರದ ‘ಡಕ್ ಸ್ಟ್ಯಾಂಪ್’ ಕೊಳ್ಳಬೇಕು. 1934ರಲ್ಲಿ ಒಂದು ಡಾಲರ್‌ಗೆ ಬಂದ ಮೊದಲ ಚೀಟಿಯ ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಡಿಂಗ್ ಡಾರ್ಲಿಂಗ್. ಈಗ ಅದರ ಬೆಲೆ 25 ಡಾಲರ್. ಕಾಗದದ ಚೀಟಿಯಾದರೆ ಬೇಟೆಗಾರ ಅದರ ಮುಖದ ಮೇಲೆ ಶಾಯಿಯಲ್ಲಿ ಸಹಿ ಹಾಕಬೇಕು, ಅಷ್ಟು ಚೆಂದದ ಚಿತ್ರದ ಮೇಲೆ ಗೀಚಲು ಮನಸ್ಸಾಗದಿದ್ದರೂ. ಪ್ರತಿ ಡಾಲರ್‌ನಲ್ಲಿ 98 ಸೆಂಟ್ ಜೌಗು ನೆಲಗಳನ್ನು ಕೊಳ್ಳಲು, ಉಳಿಸಲು ಹೋಗುತ್ತದೆ. ಹೀಗೆ ಉಳಿದಿರುವುದು ಇದುವರೆಗೆ 60 ಲಕ್ಷ ಎಕರೆ. ಬೇಟೆಯಾಡದವರೂ ಇದನ್ನು ಕೊಳ್ಳಬಹುದು. ಪ್ರವೇಶ ಶುಲ್ಕವಿರುವ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮಗಳಿಗೆ ಇದೇ ಟಿಕೆಟ್ಟೂ ಆಗುತ್ತದೆ.

ಇಷ್ಟು ಗಟ್ಟಿ ಬೀಗವಿದ್ದರೂ ಪೆಟ್ಟಿಗೆ ತುಂಬುತ್ತಿಲ್ಲ. 1980ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ ಸಾಮಾನ್ಯ ಪರವಾನಗಿಗಳು ಮಾರಾಟವಾಗುತ್ತಿದ್ದವು. ಈಗ 9 ಲಕ್ಷಕ್ಕಿಂತ ಕಡಿಮೆ. ಶುಲ್ಕ ಏರಿಸುವ ಅಧಿಕಾರ ಇದ್ದುದು ಶಾಸನಸಭೆಗೆ. ನಿವಾಸಿಗಳ ಆ 19 ಡಾಲರ್ ನಿಗದಿಯಾದದ್ದು 1999ರಲ್ಲಿ. ಆಮೇಲೆ ಪೆಟ್ರೋಲ್, ಸಂಬಳ, ಭೂಮಿ ಎಲ್ಲದರ ಬೆಲೆಯೂ ಏರಿದೆ. ಈ ಕೊರತೆಯನ್ನು ತುಂಬಿರುವುದು ಗೇಮ್ ಲ್ಯಾಂಡ್‌ಗಳಲ್ಲಿ ಕಡಿದ ಮರ ಮತ್ತು ಅವುಗಳ ಅಡಿಯಿಂದ ತೆಗೆದ ನೈಸರ್ಗಿಕ ಅನಿಲ. ಇತ್ತೀಚಿನ ಕೆಲವು ವರ್ಷಗಳಲ್ಲಿ ಈ ಆದಾಯ ಪರವಾನಗಿ ಶುಲ್ಕವನ್ನೇ ಮೀರಿಸಿದೆ. ಪ್ರಾಣಿಗಳಿಗಾಗಿ ಕೊಂಡ ನೆಲವನ್ನು ಕೊರೆದು ಪ್ರಾಣಿಗಳ ಖರ್ಚು ನೋಡಿಕೊಳ್ಳುವ ಈ ಸ್ಥಿತಿ ನನ್ನನ್ನು ಕಾಡುತ್ತದೆ. ಅತ್ತ ಬಂದೂಕಿನ ತೆರಿಗೆಯಲ್ಲೂ ಇಂದು ದೊಡ್ಡ ಪಾಲು ಕೊಡುವವರು ಬೇಟೆಗೇ ಹೋಗದ, ಗುರಿ ಹೊಡೆಯುವ ಹವ್ಯಾಸಕ್ಕೋ ಆತ್ಮರಕ್ಷಣೆಗೋ ಬಂದೂಕು ಕೊಳ್ಳುವ ಜನ.

ಇನ್ನೊಂದು ತೊಡಕು ಹಣದ ಒಳಗೇ ಇದೆ. ದುಡ್ಡು ಕೊಟ್ಟವರ ಮಾತಿಗೆ ತೂಕ ಜಾಸ್ತಿ. ಬೇಟೆಗಾರನಿಗೆ ಜಿಂಕೆ ಹೆಚ್ಚಿರಬೇಕು. ಕಾಡಿಗೆ ಜಿಂಕೆ ಮಿತಿಯಲ್ಲಿರಬೇಕು, ಇಲ್ಲದಿದ್ದರೆ ಸಸಿಗಳು ಮೇಲೇಳುವ ಮೊದಲೇ ಮೇವಾಗುತ್ತವೆ. ಜೀವಶಾಸ್ತ್ರಜ್ಞ ಗ್ಯಾರಿ ಆಲ್ಟ್ 2000ರ ಆಸುಪಾಸಿನಲ್ಲಿ ಇಲಾಖೆಯ ಜಿಂಕೆ ವಿಭಾಗದ ಹೊಣೆ ಹೊತ್ತು, ಹೆಣ್ಣುಜಿಂಕೆಗಳನ್ನು ಹೆಚ್ಚು ಹೊಡೆದು ಎಳೆಯ ಗಂಡುಗಳನ್ನು ಉಳಿಸಿ ಎಂದು ಊರೂರು ತಿರುಗಿ ಹೇಳಿದರು. ಕಾಡು ಚೇತರಿಸಿಕೊಳ್ಳಬೇಕಾದರೆ ಬೇರೆ ದಾರಿ ಇರಲಿಲ್ಲ. ಪರವಾನಗಿ ಕೊಂಡ ಅನೇಕರು ಅವರ ಮೇಲೆ ಸಿಡಿದೆದ್ದರು. 2004ರಲ್ಲಿ ಅವರು ಕೆಲಸ ಬಿಟ್ಟರು. ಅವರು ಹೇಳಿದ್ದು ಸರಿಯಾಗಿತ್ತು. ಅದನ್ನು ಹೇಳಲು ಅಷ್ಟು ಬೆಲೆ ತೆರಬೇಕಾಯಿತು.

ಹಾಗಾದರೆ ಬೇಟೆಯಾಡದವರೂ ಯಾಕೆ ಕೊಡಬಾರದು? 2016ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಬೇಟೆಗಾರರು 1.15 ಕೋಟಿ, ಪ್ರಾಣಿಪಕ್ಷಿಗಳನ್ನು ನೋಡಿ ಸಂತೋಷಪಡುವವರು 8.6 ಕೋಟಿ. ಪೆನ್ಸಿಲ್ವೇನಿಯಾದ ಬೆನೆಜೆಟ್ ಎಂಬ ಹಳ್ಳಿಗೆ ಶರತ್ಕಾಲದಲ್ಲಿ ಎಲ್ಕ್‌ಗಳ ಕೂಗು ಕೇಳಲು ಜನ ಕಿಕ್ಕಿರಿದು ಬರುತ್ತಾರೆ. ಆ ಎಲ್ಕ್‌ಗಳನ್ನು ಸಾಕಿ ಉಳಿಸಿದ ನಿಧಿಗೆ ಅವರು ಏನನ್ನೂ ಕೊಡಬೇಕಿಲ್ಲ. ಮಿಸ್ಸೌರಿ ರಾಜ್ಯದ ಜನ ಇದಕ್ಕೆ 1976ರಲ್ಲೇ ಮತ ಹಾಕಿ ಉತ್ತರ ಕೊಟ್ಟರು: ಮಾರಾಟ ತೆರಿಗೆಯಲ್ಲಿ ಒಂದು ಶೇಕಡದ ಎಂಟನೆಯ ಒಂದು ಭಾಗ ವನ್ಯಜೀವಿ ಮತ್ತು ಕಾಡಿಗೆ. ಸೋಪು ಕೊಂಡವರೂ ಕೊಟ್ಟರು, ಸೈಕಲ್ ಕೊಂಡವರೂ ಕೊಟ್ಟರು. 1996ರಲ್ಲಿ ಅರ್ಕಾನ್ಸಾ ಅದೇ ಹಾದಿ ಹಿಡಿಯಿತು. ನನಗೆ ಅತ್ಯಂತ ನ್ಯಾಯವಾಗಿ ಕಾಣುವ ದಾರಿ ಇದೇ. ದೇಶಕ್ಕೆಲ್ಲ ಅನ್ವಯಿಸುವಂತೆ ಅಪಾಯದಲ್ಲಿರುವ ಪ್ರಭೇದಗಳಿಗೆ ಹಣ ಒದಗಿಸುವ ಒಂದು ಮಸೂದೆ 2022ರ ಜೂನ್‌ನಲ್ಲಿ ಕೆಳಮನೆಯಲ್ಲಿ ಗೆದ್ದು, ಸೆನೆಟ್ ದಾಟದೆ ಬಿದ್ದುಹೋಯಿತು.

ಸದ್ಯಕ್ಕೆ ಪೆನ್ಸಿಲ್ವೇನಿಯಾದ ವರ್ಷಚಕ್ರ ಹಳೆಯ ಕ್ರಮದಲ್ಲೇ ತಿರುಗುತ್ತದೆ. ಡಿಸೆಂಬರಿನಲ್ಲಿ ಬರೆದುಕೊಂಡ ಹಲ್ಲಿನ ಲೆಕ್ಕ ಚಳಿಗಾಲದಲ್ಲಿ ಕಚೇರಿಯ ಕಂಪ್ಯೂಟರ್ ಸೇರುತ್ತದೆ. ಏಪ್ರಿಲ್‌ನಲ್ಲಿ ಆಯೋಗದ ಸದಸ್ಯರು ಸಭೆ ಸೇರಿ, ಪ್ರತಿ ವಲಯದಲ್ಲೂ ಕೊಂಬಿಲ್ಲದ ಜಿಂಕೆಗಳಿಗೆ (ಮುಖ್ಯವಾಗಿ ಹೆಣ್ಣು ಮತ್ತು ಮರಿಗಳಿಗೆ) ಎಷ್ಟು ಪರವಾನಗಿ ಕೊಡಬೇಕೆಂದು ಅದೇ ಲೆಕ್ಕ ಮುಂದಿಟ್ಟುಕೊಂಡು ಮತ ಹಾಕುತ್ತಾರೆ. ಹಿಂದೆಲ್ಲ ಈ ಪರವಾನಗಿ ಬೇಕಾದವರು ಗುಲಾಬಿ ಬಣ್ಣದ ಲಕೋಟೆಯಲ್ಲಿ ಅರ್ಜಿಯಿಟ್ಟು ಕೌಂಟಿಯ ಖಜಾಂಚಿಗೆ ಅಂಚೆಯಲ್ಲಿ ಕಳುಹಿಸಬೇಕಿತ್ತು. 2023ರಿಂದ ಅಂಗಡಿಯಲ್ಲೋ ಅಂತರ್ಜಾಲದಲ್ಲೋ ನೇರವಾಗಿ ಕೊಳ್ಳಬಹುದು. ಬೆಲೆ 6.97 ಡಾಲರ್, ಅದರಲ್ಲಿ ಕನಿಷ್ಠ 2 ಡಾಲರ್ ಪ್ರಾಣಿಗಳ ನೆಲೆಗೆ. ಜೂನ್ ಕೊನೆಯ ಒಂದು ಸೋಮವಾರ ಮಾರಾಟ ತೆರೆಯುತ್ತದೆ, ಅಂಗಡಿಗಳ ಮುಂದೆ ಬೆಳಿಗ್ಗೆಯೇ ಸಾಲು ನಿಲ್ಲುತ್ತದೆ.